ಬಿಲ್ಲೆಯ ಸುತ್ತಲಿನ ಬಯಲು

ತೊಗರಿ ರಾಶಿಯ ದಿನಗಳಲ್ಲಿ ಬಸವಕಲ್ಯಾಣ, ಹುಮನಾಬಾದ್ ಸೀಮೆಯ ಹೊಲಗಳಿಗೆ ಕೂಲಿಗೆ ಹೋಗುವ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿ ಸಂಜೆಯವರೆಗೂ ನೀರು ಕುಡಿಯುವುದೇ ಕಡಿಮೆ. ಕುಡಿದರೆ ಒಂದಕ್ಕೆ ಹೋಗಬೇಕು. ಹೋಗಲು ಮರೆ ಎಲ್ಲಿದೆ? ತಡೆದುಕೊಂಡ ಮೂತ್ರದಲ್ಲಿ ಸೂಕ್ಷ್ಮಾಣುಗಳಿಗೆ ಬೆಳೆಯಲು ಬಿಡುವು ಸಿಗುತ್ತದೆ, ಉರಿ ಶುರುವಾಗುತ್ತದೆ. ‘ಗರ್ಮಿ ಆಗ್ಯಾದ’ ಎಂದು ಸಬ್ಜಾ ನೀರು ಕುಡಿದು ನೋಡುತ್ತಾರೆ. ಇಳಿಯದಿದ್ದರೆ ಮೆಡಿಕಲ್ ಅಂಗಡಿಯ ಮುಂದೆ ನಿಂತು ‘ಹೋದ ಸಲ ಕೊಟ್ಟ ಗುಳಿಗಿನೇ ಕೊಡ್ರಿ’ ಅನ್ನುತ್ತಾರೆ.

ಹೋದ ಸಲದ ಗುಳಿಗೆ ಈ ಸಲವೂ ನಾಟೀತೇ? ಇದಕ್ಕೆ ಉತ್ತರ ಹೇಳುವುದು ಯೂರಿನ್ ಕಲ್ಚರ್, ಅಂದರೆ ಮೂತ್ರದಲ್ಲಿರುವ ಬ್ಯಾಕ್ಟೀರಿಯವನ್ನು ಬೆಳೆಸಿ ನೋಡುವ ಪರೀಕ್ಷೆ.

ಮೂತ್ರದ ಸೋಂಕುಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಕಾರಣ ಇ. ಕೋಲಿ. 1885ರಲ್ಲಿ ಥಿಯೋಡೋರ್ ಎಷರಿಕ್ ಗುರುತಿಸಿದ ಈ ಬ್ಯಾಕ್ಟೀರಿಯ ನಮ್ಮದೇ ಕರುಳಿನ ಒಕ್ಕಲು. ಲ್ಯಾಬಿನಲ್ಲಿ ಅದನ್ನು ಅಗರ್ ತಟ್ಟೆಯ ಮೇಲೆ ತೆಳ್ಳಗೆ ಸವರಿ, ಔಷಧ ಹೀರಿದ 6 ಮಿಲಿಮೀಟರ್ ಅಗಲದ ಕಾಗದದ ಬಿಲ್ಲೆಗಳನ್ನು ಇಡುತ್ತಾರೆ. 35 ಡಿಗ್ರಿ ಶಾಖದಲ್ಲಿ 16ರಿಂದ 18 ಗಂಟೆ. ಮರುದಿನ ನೋಡಿದರೆ ತಟ್ಟೆಯೆಲ್ಲ ಮಬ್ಬು ಬೆಳೆ. ಔಷಧ ನಾಟಿದ ಬಿಲ್ಲೆಯ ಸುತ್ತ ಮಾತ್ರ ದುಂಡನೆಯ ಬಯಲು. ಆ ಬಯಲಿನ ಅಗಲವನ್ನು ಅಳತೆಪಟ್ಟಿಯಲ್ಲಿ ಅಳೆಯುತ್ತಾರೆ. 1966ರಲ್ಲಿ ಬಾಯರ್, ಕಿರ್ಬಿ ಮತ್ತು ಸಂಗಡಿಗರು ಗಟ್ಟಿ ಮಾಡಿಕೊಟ್ಟ ಈ ವಿಧಾನ ಇಂದಿಗೂ ನಡೆಯುತ್ತಿದೆ.

ಬಯಲು ದೊಡ್ಡದಾದರೆ ಔಷಧ ಒಳ್ಳೆಯದು ಅಂದುಕೊಂಡೀರಿ, ಜೋಕೆ. ಇ. ಕೋಲಿಯ ಮೇಲೆ ನೈಟ್ರೋಫ್ಯುರಾಂಟೋಯಿನ್ ಬಿಲ್ಲೆಗೆ 17 ಮಿಲಿಮೀಟರ್ ಬಯಲಿದ್ದರೆ ಅದು ಪಾಸು. ಸಿಪ್ರೊಫ್ಲಾಕ್ಸಸಿನ್‌ಗೆ 20 ಬಂದರೂ ನಪಾಸು. ಅದಕ್ಕೆ 26 ಬೇಕು. ಪ್ರತಿ ಔಷಧಕ್ಕೂ ಅದರದೇ ಗೆರೆ. ರಿಪೋರ್ಟಿನಲ್ಲಿ ಎಸ್ ಎಂದರೆ ಔಷಧಕ್ಕೆ ಮಣಿಯುತ್ತದೆ, ಆರ್ ಎಂದರೆ ಮಣಿಯುವುದಿಲ್ಲ. ಎಸ್ ಇದ್ದ ಮಾತ್ರಕ್ಕೆ ಮುಗಿಯಲೂ ಇಲ್ಲ. ನೈಟ್ರೋಫ್ಯುರಾಂಟೋಯಿನ್ ಮೂತ್ರದಲ್ಲಿ ಸಾಂದ್ರವಾಗುತ್ತದೆ, ಕಿಡ್ನಿಯ ಅಂಗಾಂಶಕ್ಕೆ ಸಾಕಾಗುವಷ್ಟು ಇಳಿಯುವುದಿಲ್ಲ. ಚಳಿಜ್ವರ, ಪಕ್ಕೆನೋವು ಬಂದವರಿಗೆ ಅದು ಸಾಲದು.

ಆರ್ ಬರುವುದು ಹೇಗೆ? ಭೇದಿಗೆಂದೋ ಕೆಮ್ಮಿಗೆಂದೋ ನುಂಗಿದ ಆಂಟಿಬಯಾಟಿಕ್ ಕರುಳಿನ ಇ. ಕೋಲಿಯನ್ನೂ ತಾಗುತ್ತದೆ. ಬಡವು ಸಾಯುತ್ತವೆ, ಬಲಿತವು ಉಳಿಯುತ್ತವೆ. ಉಳಿದವು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದಲ್ಲಿ ತಮ್ಮ ವಿದ್ಯೆಯನ್ನು ನೆರೆಯವಕ್ಕೂ ದಾಟಿಸುತ್ತವೆ. ಭಾರತದಲ್ಲಿ ಸಿಪ್ರೊಫ್ಲಾಕ್ಸಸಿನ್ ಮಂಕಾದ ಕಥೆಯಲ್ಲಿ ಹೀಗೆ ಕಂಡದ್ದಕ್ಕೆಲ್ಲ ಗುಳಿಗೆ ನುಂಗಿದ್ದರ ಪಾಲು ದೊಡ್ಡದು.

ಈ ಸೀಮೆಯಲ್ಲಿ ಪರೀಕ್ಷೆ ಕೆಡುವುದು ಬಹಳ ಸಲ ದಾರಿಯಲ್ಲೇ. ಮಾದರಿ ಬೀದರಿಗೋ ಕಲಬುರಗಿಗೋ ಹೋಗಬೇಕೆನ್ನಿ, ಹೊರಗೆ ಬೇಸಿಗೆಯ ಬಿಸಿಲು. ಒಂದು ಮಿಲಿಲೀಟರಿನಲ್ಲಿ 2,000 ಬ್ಯಾಕ್ಟೀರಿಯ ಇದ್ದು, ಅರ್ಧ ಗಂಟೆಗೊಮ್ಮೆ ಎರಡರಷ್ಟಾದರೂ ಮೂರು ಗಂಟೆಗೆ 1,28,000. ಸೋಂಕೆನ್ನಲು ಲ್ಯಾಬುಗಳು ಹಿಡಿದಿರುವ ಹಳೆಯ ಗೆರೆ 1,00,000. ಇಲ್ಲದ ರೋಗ ಕಾಗದದ ಮೇಲೆ ಹುಟ್ಟಿಬಿಡುತ್ತದೆ! ಆದ್ದರಿಂದ ಎರಡು ಗಂಟೆಯೊಳಗೆ ತಲುಪಿಸಬೇಕು, ಇಲ್ಲವೇ ಐಸ್ ಪೆಟ್ಟಿಗೆಯಲ್ಲಿಡಬೇಕು. ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿಯಬೇಕು. ಮುಖ್ಯವಾಗಿ, ಮೊದಲ ಗುಳಿಗೆ ನುಂಗುವ ಮುನ್ನ ಹಿಡಿಯಬೇಕು. ಆಮೇಲೆ ಹಿಡಿದರೆ ತಟ್ಟೆಯಲ್ಲಿ ಏನೂ ಬೆಳೆಯದೆ ಹೋಗಬಹುದು.

ಪ್ರತಿ ಉರಿಗೂ ಕಲ್ಚರ್ ಬೇಕಿಲ್ಲ. ಬಸುರಿಯರಿಗೆ, ಮಕ್ಕಳಿಗೆ, ಗಂಡಸರಿಗೆ, ಜ್ವರ ಬಂದವರಿಗೆ, ಮತ್ತೆ ಮತ್ತೆ ಬರುವವರಿಗೆ ಬೇಕು. ಮಾಡಿಸಿದ ರಿಪೋರ್ಟನ್ನು ಎಸೆಯಬೇಡಿ. ಮುಂದಿನ ಸಲ ದವಾಖಾನೆಗೆ ಹೋಗುವಾಗ ಕೈಯಲ್ಲಿರಲಿ.