ಇಂಧನದ ಅತಿವ್ಯಯವೂ ಸಂವೇದಕಗಳ ಪರೀಕ್ಷೆಯೂ

ಹಳೆಯ ಮೋಟಾರು ಕಾರೊಂದು ಬರಬರುತ್ತ ಹೆಚ್ಚು ಪೆಟ್ರೋಲನ್ನು ವ್ಯಯಿಸತೊಡಗಿದರೆ, ಅದರ ಸಂವೇದಕಗಳನ್ನು ಒಂದೊಂದಾಗಿ ಬದಲಾಯಿಸುವ ವಾಡಿಕೆಯುಂಟು. ಇದರಿಂದ ಹಣ ವ್ಯರ್ಥವಾಗಿ ದೋಷ ಮಾತ್ರ ಹಾಗೆಯೇ ಉಳಿಯಬಹುದು. ಸಂವೇದಕವು ತಪ್ಪು ಸೂಚನೆ ಕೊಡುತ್ತಿದೆಯೋ, ಎಂಜಿನ್ನಿನ ಬೇರೊಂದು ದೋಷವನ್ನು ಸರಿಯಾಗಿಯೇ ಸೂಚಿಸುತ್ತಿದೆಯೋ ಎಂಬುದನ್ನು ಮೊದಲು ನಿರ್ಣಯಿಸತಕ್ಕದ್ದು.

ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ಣವಾಗಿ ದಹಿಸಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಇಂಜೆಕ್ಷನ್ ವ್ಯವಸ್ಥೆಯುಳ್ಳ ಎಂಜಿನ್ನುಗಳಲ್ಲಿ ಈ ಪ್ರಮಾಣವನ್ನು ಕಾಯುವ ಗಣಕವು ಸಂವೇದಕಗಳನ್ನೇ ಆಶ್ರಯಿಸಿದೆ. ಇವುಗಳಲ್ಲಿ ಎರಡನ್ನು ಇಲ್ಲಿ ಪರಿಶೀಲಿಸೋಣ.

ಮೊದಲನೆಯದು ಎಂಜಿನ್ನನ್ನು ತಂಪುಗೊಳಿಸುವ ನೀರಿನ ಉಷ್ಣತೆಯನ್ನು ಅಳೆಯುವ ಥರ್ಮಿಸ್ಟರ್. ಉಷ್ಣತೆ ಏರಿದಂತೆ ಇದರ ವಿದ್ಯುದ್ರೋಧ ಇಳಿಯುತ್ತದೆ. ತಂತಿಯ ಸಂಧಿಯಲ್ಲಿ ಕಿಲುಬು ಹಿಡಿದು ರೋಧ ಹೆಚ್ಚಿದರೆ, ಗಣಕವು ಎಂಜಿನ್ ತಣ್ಣಗಿದೆಯೆಂದು ಭಾವಿಸಿ ಅಧಿಕ ಪೆಟ್ರೋಲನ್ನು ಒದಗಿಸುತ್ತಲೇ ಇರುತ್ತದೆ. ರಾತ್ರಿಯಿಡೀ ನಿಂತ ಕಾರಿನಲ್ಲಿ ಈ ಸಂವೇದಕದ ಸೂಚನೆ ಹೊರಗಿನ ಗಾಳಿಯ ಉಷ್ಣತೆಗೆ ಸಮೀಪವಾಗಿರಬೇಕು. ಎಂಜಿನ್ ಬಹಳ ಹೊತ್ತು ಓಡಿದ ಮೇಲೂ ಸೂಚನೆ ತಕ್ಕಷ್ಟು ಏರದಿದ್ದರೆ, ಬೇರೊಂದು ಉಷ್ಣಮಾಪಕದಿಂದ ತಾಳೆ ನೋಡಬೇಕು. ನೀರು ನಿಜವಾಗಿಯೂ ಬಿಸಿಯೇರಿಲ್ಲವಾದರೆ ದೋಷವಿರುವುದು ಬಹುತೇಕ ತೆರೆದೇ ಉಳಿದ ಥರ್ಮೋಸ್ಟಾಟಿನಲ್ಲಿ, ಸಂವೇದಕದಲ್ಲಲ್ಲ.

ಎರಡನೆಯದು ಹೊಗೆಕೊಳವೆಯಲ್ಲಿರುವ ಆಮ್ಲಜನಕ ಸಂವೇದಕ. ಬಾಷ್ ಸಂಸ್ಥೆಯು 1976ರಲ್ಲಿ ಇದರ ಉತ್ಪಾದನೆಯನ್ನಾರಂಭಿಸಿತು. ವೋಲ್ವೊ ಕಾರುಗಳಲ್ಲಿ ಇದು ಮೊದಲು ಬಳಕೆಗೆ ಬಂದಿತು. ಜಿರ್ಕೋನಿಯಾದಿಂದಾದ ಈ ಸಂವೇದಕವು ಚೆನ್ನಾಗಿ ಕಾದಾಗ, ಪೆಟ್ರೋಲು ಹೆಚ್ಚಿದ್ದರೆ ಸುಮಾರು 0.9 ವೋಲ್ಟನ್ನೂ, ಕಡಿಮೆಯಿದ್ದರೆ ಸುಮಾರು 0.1 ವೋಲ್ಟನ್ನೂ ಕೊಡುತ್ತದೆ. ಆರೋಗ್ಯವಾದ ಎಂಜಿನ್ನಿನಲ್ಲಿ ಸೂಚನೆಯು ಇವೆರಡರ ನಡುವೆ ಸತತವಾಗಿ ಓಲಾಡುತ್ತಿರುತ್ತದೆ. ಅದು ಕೆಳಗೇ ನಿಂತರೆ ಸಂಶಯ ಸಹಜ. ಆದರೆ ಈ ಸಂವೇದಕವು ಅರಿಯುವುದು ಆಮ್ಲಜನಕವನ್ನೇ ಹೊರತು ಪೆಟ್ರೋಲನ್ನಲ್ಲ. ಸ್ಪಾರ್ಕ್ ಪ್ಲಗ್ ಕಿಡಿ ತಪ್ಪಿದರೆ ದಹಿಸದ ಗಾಳಿ ಹೊಗೆಯೊಡನೆ ಸೇರುತ್ತದೆ. ಹೊಗೆಕೊಳವೆಯ ಬಿರುಕಿನಿಂದ ಹೊರಗಿನ ಗಾಳಿ ಒಳಸೇರಿದರೂ ಫಲ ಅದೇ. ಗಣಕವು ಇದನ್ನು ಪೆಟ್ರೋಲಿನ ಕೊರತೆಯೆಂದು ತಿಳಿದು ಇನ್ನಷ್ಟು ಸುರಿಸುತ್ತದೆ. ಇಲ್ಲಿ ಹೊಸ ಸಂವೇದಕವೂ ಹಳೆಯದು ಹೇಳಿದ್ದನ್ನೇ ಹೇಳೀತು. ಕಾದ ಎಂಜಿನ್ನಿನ ವೇಗವನ್ನು ಥಟ್ಟನೆ ಹೆಚ್ಚಿಸಿದಾಗ ಸೂಚನೆಯು ಕೂಡಲೇ ಮೇಲೇರಿ, ವೇಗವನ್ನು ಬಿಟ್ಟಾಗ ಇಳಿದರೆ, ಸಂವೇದಕ ಜೀವಂತವಾಗಿದೆಯೆಂದೇ ತಿಳಿಯಬೇಕು. ದೋಷವನ್ನು ಬೇರೆಡೆ ಅರಸಬೇಕು. ಪ್ರತಿಕ್ರಿಯೆ ಮಂದವಾಗಿದ್ದರೆ ಅಥವಾ ಇಲ್ಲವೇ ಇಲ್ಲದಿದ್ದರೆ, ತಂತಿಗಳನ್ನು ಪರೀಕ್ಷಿಸಿದ ಬಳಿಕ ಸಂವೇದಕವನ್ನು ಬದಲಾಯಿಸಬಹುದು.

ಗಣಕವು ದಾಖಲಿಸುವ ದೋಷಸಂಖ್ಯೆಯಲ್ಲಿ ಸಂವೇದಕದ ಹೆಸರಿದ್ದ ಮಾತ್ರಕ್ಕೆ ಅದೇ ಕೆಟ್ಟಿದೆಯೆಂದು ಸಿದ್ಧವಾಗದು. ಅಸಹಜತೆ ಎಲ್ಲಿ ಕಂಡುಬಂದಿತೆಂಬುದಷ್ಟೇ ಅದರಿಂದ ತಿಳಿಯುತ್ತದೆ. ಪರೀಕ್ಷೆಯನ್ನು ಮುಂದೂಡುವುದೂ ತರವಲ್ಲ. ದಹಿಸದ ಪೆಟ್ರೋಲು ಹೊಗೆಯನ್ನು ಶುದ್ಧಿಗೊಳಿಸುವ ವೇಗವರ್ಧಕ ಪರಿವರ್ತಕವನ್ನು ಸೇರಿ, ಅದನ್ನು ಅತಿಯಾಗಿ ಕಾಯಿಸಿ ಕೆಡಿಸಬಲ್ಲುದು. ಅದರ ಬೆಲೆ ಸಂವೇದಕದ ಬೆಲೆಗಿಂತ ಬಹಳ ಹೆಚ್ಚು.