ಮಾದಕದ್ರವ್ಯಗಳ ವರ್ಗೀಕರಣ: ಶಾಸನದ ವಿಭಾಗವೂ ದೇಹದ ಸಾಕ್ಷ್ಯವೂ

ಮಾದಕದ್ರವ್ಯಗಳನ್ನು ವರ್ಗೀಕರಿಸುವ ಪದ್ಧತಿಗಳು ಹಲವು. ಯಾವ ಪದ್ಧತಿಯು ಯಾವ ಉದ್ದೇಶಕ್ಕಾಗಿ ಹುಟ್ಟಿತೆಂಬುದನ್ನು ಅರಿಯದೆ ವ್ಯಸನಿಗಳಿಗೆ ಆಪ್ತಸಲಹೆ ನೀಡಹೊರಟರೆ ಅನರ್ಥಕ್ಕೆ ಎಡೆಯುಂಟು. ಈ ವಿಷಯವನ್ನು ನಾವಿಲ್ಲಿ ಇತಿಹಾಸದ ದೃಷ್ಟಿಯಿಂದ ಸಂಕ್ಷೇಪವಾಗಿ ವಿಚಾರಿಸುತ್ತೇವೆ.

ಜರ್ಮನಿಯ ಔಷಧವಿಜ್ಞಾನಿ ಲೂಯಿ ಲೆವಿನ್ 1924ರಲ್ಲಿ ಪ್ರಕಟಿಸಿದ ‘ಫಾಂಟಾಸ್ಟಿಕಾ’ ಗ್ರಂಥದಲ್ಲಿ ಈ ದ್ರವ್ಯಗಳನ್ನು, ಅವು ಮನಸ್ಸಿನ ಮೇಲೆ ಬೀರುವ ಪರಿಣಾಮವನ್ನನುಸರಿಸಿ, ಐದು ವರ್ಗಗಳಾಗಿ ವಿಂಗಡಿಸಿದನು: ಸುಖಭಾವವನ್ನು ತರುವವು, ಭ್ರಮೆಯನ್ನು ಹುಟ್ಟಿಸುವವು, ಅಮಲೇರಿಸುವವು, ನಿದ್ರೆ ಬರಿಸುವವು, ಉತ್ತೇಜಿಸುವವು. ಅಫೀಮು, ಕೊಕೇನುಗಳೆರಡನ್ನೂ ಆತನು ಮೊದಲನೆಯ ವರ್ಗದಲ್ಲಿಯೇ ಇರಿಸಿದ್ದನು. ಇಂದಿನ ವೈದ್ಯಶಾಸ್ತ್ರವಾದರೋ ಅವುಗಳನ್ನು ಬೇರ್ಪಡಿಸಿ, ಕೊಕೇನನ್ನು ಉತ್ತೇಜಕಗಳ ಸಾಲಿಗೆ ಸೇರಿಸಿದೆ.

ಶಾಸನದ ದಾರಿ ಬೇರೆ. 1961ರ ಅಂತರರಾಷ್ಟ್ರೀಯ ಒಪ್ಪಂದವು ನಿಯಂತ್ರಣದ ಬಿಗಿಯನ್ನನುಸರಿಸಿ ಅನುಸೂಚಿಗಳನ್ನು ರಚಿಸಿತು. ಅದರ ಅತಿ ಕಠಿಣವಾದ ನಾಲ್ಕನೆಯ ಅನುಸೂಚಿಯಲ್ಲಿದ್ದ ಗಾಂಜಾವನ್ನು ವಿಶ್ವಸಂಸ್ಥೆಯ ಆಯೋಗವು 2020ರ ಡಿಸೆಂಬರಿನಲ್ಲಿ 27 ಮತಗಳು ಪರ, 25 ವಿರೋಧವಾಗಿ ಅಲ್ಲಿಂದ ತೆಗೆಯಿತು. ಮೊದಲನೆಯ ಅನುಸೂಚಿಯಲ್ಲಿ ಮಾತ್ರ ಉಳಿಸಿತು. ಆ ಮತದಾನದಿಂದ ಗಿಡದ ಗುಣವೇನೂ ಬದಲಾಗಲಿಲ್ಲ. ಭಾರತದ 1985ರ ಕಾಯಿದೆಯೂ ಅಫೀಮು, ಗಾಂಜಾ, ಕೋಕಾ ಎಲೆಗಳನ್ನು ಒಂದೇ ಹೆಸರಿನಡಿ ತಂದಿದೆ. ಆದರೆ ಹೂತುದಿಗಳಿಲ್ಲದ ಎಲೆಯನ್ನು ಗಾಂಜಾ ಎಂಬ ವ್ಯಾಖ್ಯೆಯಿಂದ ಹೊರಗಿರಿಸಿದೆ. ಮದ್ಯವಂತೂ ಆ ಕಾಯಿದೆಯ ವ್ಯಾಪ್ತಿಗೇ ಬಾರದು.

ಸಲಹೆಗಾರನು ಶಾಸನದ ಈ ಕ್ರಮವನ್ನೇ ಅಪಾಯದ ಕ್ರಮವೆಂದು ಭಾವಿಸತಕ್ಕುದಲ್ಲ. ಬಹುಕಾಲದಿಂದ ವಿಪರೀತವಾಗಿ ಕುಡಿಯುತ್ತಿದ್ದವನು ಮದ್ಯವನ್ನು ಥಟ್ಟನೆ ನಿಲ್ಲಿಸಿದರೆ ನಡುಕ, ಸೆಳವು, ಸನ್ನಿಗಳು ತಲೆದೋರಿ ಪ್ರಾಣಾಪಾಯವೂ ಒದಗಬಹುದು. “ಇಂದೇ ಬಿಟ್ಟುಬಿಡು” ಎಂಬ ಸದುಪದೇಶವು ವೈದ್ಯನ ಮೇಲ್ವಿಚಾರಣೆಯಿಲ್ಲದಿದ್ದರೆ ಕೇಡಾಗಿ ಪರಿಣಮಿಸೀತು. ಅಫೀಮು, ಹೆರಾಯಿನುಗಳನ್ನು ಬಿಟ್ಟವನಿಗೆ ಮೈನೋವು, ಭೇದಿ, ನಿದ್ರಾಹೀನತೆಗಳು ಬಹಳವಾಗಿ ಬಾಧಿಸುತ್ತವೆಯಾದರೂ ಅವುಗಳಿಂದ ಸಾವು ವಿರಳ. ಅವನ ಅಪಾಯವು ಮುಂದಿನದು: ಬಿಟ್ಟ ಕೆಲವು ವಾರಗಳಲ್ಲಿ ದೇಹದ ಸಹಿಷ್ಣುತೆ ಕುಗ್ಗಿರುವುದರಿಂದ, ಮರಳಿ ಹಳೆಯ ಪ್ರಮಾಣವನ್ನೇ ಸೇವಿಸಿದರೆ ಉಸಿರಾಟವೇ ನಿಲ್ಲಬಹುದು. ಕೊಕೇನು ಬಿಟ್ಟವನಲ್ಲಿ ಬಳಲಿಕೆ, ಖಿನ್ನತೆ, ಕೆಲವೊಮ್ಮೆ ಆತ್ಮಹತ್ಯೆಯ ಯೋಚನೆ ಕಾಣಿಸಿಕೊಳ್ಳುತ್ತದೆ. ಇವನಿಗೆ ಮನಸ್ಸಿನ ಕಾವಲು ಮುಖ್ಯ.

ಆದುದರಿಂದ ಶಾಸನದ ವರ್ಗವು ನ್ಯಾಯಾಲಯಕ್ಕೆ ಅವಶ್ಯವಾದುದೇ ಸರಿ. ಸಲಹೆಯ ಕೋಣೆಯಲ್ಲಿ ಮಾತ್ರ, ಯಾವ ದ್ರವ್ಯ, ಎಷ್ಟು ಕಾಲದಿಂದ, ಕಡೆಯ ಸೇವನೆ ಎಂದು, ಎಂಬ ಪ್ರಶ್ನೆಗಳೇ ಮೊದಲು ಬರತಕ್ಕವು ಎಂದು ನಾವು ತಿಳಿಯುತ್ತೇವೆ.