ಡಿ ಜೀವಸತ್ವಕ್ಕೂ ಅಳತೆ ಉಂಟು



ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ ಸಿಂಪಡಿಸುವ ಬೆಳೆಗಾರ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂದು ತೂಗಿಯೇ ಹಾಕುತ್ತಾನೆ. 10 ಕಿಲೋ ಹಾಕಿದರೆ ರೋಗ ಹತ್ತು ಪಟ್ಟು ಬೇಗ ಹೋದೀತು ಎಂದು ಯಾರೂ ಎಣಿಸುವುದಿಲ್ಲ. ಮರಕ್ಕೆ ತೋರಿಸುವ ಈ ಎಚ್ಚರವನ್ನು ನಮ್ಮ ಮೈಗೂ ತೋರಿಸಬೇಕೆಂಬುದೇ ಈ ಲೇಖನದ ಉದ್ದೇಶ.

ಈಚೆಗೆ ಸಂಘದ ಕಚೇರಿಗೆ ಬರುವ ಸದಸ್ಯರಲ್ಲಿ 'ಡಿ ಕಮ್ಮಿಯಂತೆ' ಎಂಬ ಮಾತು ಮೇಲಿಂದ ಮೇಲೆ ಕೇಳಿಬರುತ್ತಿದೆ. ಮಂಡಿನೋವು, ಸೊಂಟನೋವು, ಸುಸ್ತು, ಯಾವುದಕ್ಕಾದರೂ ಅದೇ ಹೆಸರು. ಪೇಟೆಯಲ್ಲಿ ಸುಲಭವಾಗಿ ಸಿಗುವ 60,000 ಯೂನಿಟ್ಟಿನ ಮಾತ್ರೆ ಅಥವಾ ಪುಡಿಯ ಪೊಟ್ಟಣವನ್ನು ಒಬ್ಬರು ತಂದರೆ ಮನೆಮಂದಿಯೆಲ್ಲ ಹಂಚಿಕೊಳ್ಳುವುದೂ ಉಂಟು. ವಾರಕ್ಕೊಂದು ಎಂದು ಬರೆದದ್ದನ್ನು ದಿನಕ್ಕೊಂದು ಎಂದು ತಿಳಿದು ನುಂಗಿದವರೂ ಇದ್ದಾರೆ. ಕೊರತೆ ಸುಳ್ಳಲ್ಲ, ಆದರೆ ಅದಕ್ಕೆ ಮಾಡುವ ಉಪಚಾರ ಲೆಕ್ಕ ತಪ್ಪಬಾರದು.

ಡಿ ಜೀವಸತ್ವದ ಕೆಲಸವೇನು?

ನಾವು ತಿಂದ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸೇರಲು ಡಿ ಬೇಕು. ಡಿ ಸಾಕಷ್ಟಿದ್ದರೆ ಊಟದ ಕ್ಯಾಲ್ಸಿಯಂನಲ್ಲಿ ಶೇಕಡಾ 30ರಿಂದ 40 ಭಾಗ ಮೈಗೆ ಹತ್ತುತ್ತದೆ. ಇಲ್ಲದಿದ್ದರೆ ಶೇಕಡಾ 10ರಿಂದ 15 ಮಾತ್ರ. ಮಿಕ್ಕದ್ದು ವ್ಯರ್ಥ. ಆಗ ದೇಹ ಮೂಳೆಯಿಂದಲೇ ಸುಣ್ಣವನ್ನು ಕಿತ್ತು ರಕ್ತಕ್ಕೆ ಕೊಡುತ್ತದೆ. ಮಕ್ಕಳಲ್ಲಿ ಕಾಲು ಸೊಟ್ಟಗಾಗುವ ರಿಕೆಟ್ಸ್, ದೊಡ್ಡವರಲ್ಲಿ ಮೂಳೆ ಮೆತ್ತಗಾಗುವ ಬೇನೆ ಬರುವುದು ಹೀಗೆ. ನೆಲದಿಂದ ಏಳುವಾಗ ಕೈಯೂರಬೇಕಾಗುವುದು, ಮೆಟ್ಟಿಲು ಹತ್ತಲು ತೊಡೆಯಲ್ಲಿ ಬಲವಿಲ್ಲದಿರುವುದು, ಮೂಳೆಯನ್ನು ಒತ್ತಿದರೆ ನೋವು, ಇವು ಗಮನಿಸಬೇಕಾದ ಲಕ್ಷಣಗಳು.

ಬಿಸಿಲ ನಾಡಿನಲ್ಲಿ ಕೊರತೆ ಏಕೆ?

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ, ನಾಲ್ಕೂ ತಾಲ್ಲೂಕುಗಳಲ್ಲಿ ಬಿಸಿಲಿಗೆ ಬರವಿಲ್ಲ. ಚರ್ಮದಲ್ಲಿ ಡಿ ತಯಾರಾಗುವುದೇ ಬಿಸಿಲಿನಿಂದ. ಆದರೆ ಎಲ್ಲ ಬಿಸಿಲೂ ಒಂದೇ ಅಲ್ಲ. ಅದಕ್ಕೆ ಬೇಕಾದ ಅತಿನೇರಳೆ ಕಿರಣ ಎಳೆಬಿಸಿಲಿನಲ್ಲಿ ತೀರ ಕಡಿಮೆ. ನಮ್ಮ ಹೆಚ್ಚುಕಡಿಮೆ ಅಕ್ಷಾಂಶದಲ್ಲೇ ಇರುವ ತಿರುಪತಿಯಲ್ಲಿ ನಡೆದ ಅಧ್ಯಯನದಲ್ಲಿ ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರವರೆಗಿನ ಬಿಸಿಲೇ ಈ ಕೆಲಸಕ್ಕೆ ಉತ್ತಮವೆಂದು ಕಂಡುಬಂದಿದೆ. ಗಡಿಯಾರ ನೋಡದೆ ತಿಳಿಯುವ ಉಪಾಯವೂ ಇದೆ: ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಅದು ಕೆಲಸಕ್ಕೆ ಬರುವ ಬಿಸಿಲು.

ಆ ಹೊತ್ತಿನಲ್ಲಿ ನಾವು ಎಲ್ಲಿರುತ್ತೇವೆ? ತೋಟದವರು ಅಡಿಕೆ ಮರದ ನೆರಳಿನಲ್ಲಿ, ಅಡಿಕೆ ಸುಲಿಯುವ ಹೆಂಗಸರು ಜಗಲಿಯ ಒಳಗೆ, ವಯಸ್ಸಾದವರು ಮನೆಯಲ್ಲಿ. ನಮ್ಮ ಚರ್ಮದ ಬಣ್ಣ ಗಾಢವಾದ್ದರಿಂದ ಬಿಳಿಯರಿಗಿಂತ ಹೆಚ್ಚು ಹೊತ್ತು ಬಿಸಿಲು ಬೇಕು. ವಯಸ್ಸಾದಂತೆ ಚರ್ಮದ ಶಕ್ತಿಯೂ ಇಳಿಯುತ್ತದೆ. ಕಿಟಕಿಯ ಗಾಜಿನ ಹಿಂದೆ ಕೂತರೆ ಕಾವು ತಗಲೀತು, ಡಿ ಬಾರದು.

ಇನ್ನೊಂದು ಕಾರಣವನ್ನೂ ತಿರುಪತಿಯ ವೈದ್ಯ ಸಂಶೋಧಕರೇ 2004 ಮತ್ತು 2007ರಲ್ಲಿ ಪ್ರಕಟಿಸಿದರು. ಬಿಸಿಲಿನಲ್ಲಿ ದುಡಿಯುವ ಹಳ್ಳಿಯವರಲ್ಲಿ ಡಿ ಪಟ್ಟಣದವರಿಗಿಂತ ಮೇಲಿದ್ದರೂ ನಿರೀಕ್ಷಿಸಿದಷ್ಟು ಇರಲಿಲ್ಲ. ಅವರ ಊಟದಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ, ಕಾಳುಕಡ್ಡಿಯಲ್ಲಿರುವ ಫೈಟೇಟ್ ಎಂಬ ಅಂಶ ಹೆಚ್ಚು. ಕ್ಯಾಲ್ಸಿಯಂ ಸಾಲದಾದಾಗ ಮೈಯಲ್ಲಿರುವ ಡಿ ಬೇಗ ಖರ್ಚಾಗುತ್ತದೆ. ಎಂದರೆ ಬಿಸಿಲೂ ಬೇಕು, ಊಟವೂ ಸರಿಯಿರಬೇಕು.

ನಮ್ಮ ಊಟದಲ್ಲಿ ಏನಿದೆ?

ರಾಗಿಯಲ್ಲಿ ಡಿ ಇಲ್ಲ, ಆದರೆ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ; ಇಷ್ಟು ಬೇರೆ ಯಾವ ಧಾನ್ಯದಲ್ಲೂ ಇಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕದ ತಳಿಯೊಡನೆ ನಮ್ಮ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಜಿಲ್ಲೆ ನಮ್ಮದು. ನಾಲೆಯ ನೀರು ಬಂದಮೇಲೆ ಅನ್ನಕ್ಕೆ ತಿರುಗಿದ ಮನೆಗಳು ದಿನಕ್ಕೊಂದು ಹೊತ್ತಾದರೂ ಮುದ್ದೆಗೆ ಮರಳಿದರೆ ನಷ್ಟವಿಲ್ಲ. ರಾಗಿಯ ಫೈಟೇಟ್ ಕಡಿಮೆಯಾಗಲು ಮೊಳಕೆ ಕಟ್ಟಿದ ಹುರಿಹಿಟ್ಟು, ಹುಳಿಬರಿಸಿದ ಅಂಬಲಿ ಒಳ್ಳೆಯವು. ಎಳ್ಳು, ಹುರುಳಿ, ನುಗ್ಗೆಸೊಪ್ಪು, ದಂಟಿನ ಸೊಪ್ಪು, ಮಜ್ಜಿಗೆ, ಇವೂ ಕ್ಯಾಲ್ಸಿಯಂ ಕೊಡುತ್ತವೆ. ವಯಸ್ಕರಿಗೆ ದಿನಕ್ಕೆ 1,000 ಮಿಲಿಗ್ರಾಂ ಬೇಕು. ಡೇರಿಗೆ ಹಾಲೆಲ್ಲ ಅಳೆದು ಕಾಫಿಗೆ ಮಾತ್ರ ಒಂದಿಷ್ಟು ಉಳಿಸಿಕೊಳ್ಳುವ ಮನೆಯಲ್ಲಿ ಈ ಲೆಕ್ಕ ಕೂಡಿಬರುವುದಿಲ್ಲ.

ಡಿ ಇರುವ ಆಹಾರ ನಿಜಕ್ಕೂ ಕಡಿಮೆ. 2020ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳಿದ ಪ್ರಕಾರ ದಿನದ ಅಗತ್ಯ 600 ಯೂನಿಟ್. ಒಂದು ಕೋಳಿಮೊಟ್ಟೆಯಲ್ಲಿ ಸುಮಾರು 40 ಯೂನಿಟ್, ಅದೂ ಹಳದಿಯಲ್ಲಿ. ಪುಷ್ಟೀಕರಿಸಿದ ಹಾಲಿನಲ್ಲಿ ಲೀಟರಿಗೆ 200ರಿಂದ 300 ಯೂನಿಟ್ ಇರುತ್ತದೆ. ಪ್ಯಾಕೆಟ್ಟಿನ ಮೇಲೆ ಪುಷ್ಟೀಕರಣದ ಗುರುತು ಇದೆಯೇ ನೋಡಿಕೊಳ್ಳಬೇಕು. ಮನೆಯ ಹಸುವಿನ ಹಾಲಿನಲ್ಲಿ ಡಿ ಅತ್ಯಲ್ಪ. ಮೀನು ತಿನ್ನುವವರಿಗೆ ಒಂದಷ್ಟು ಅನುಕೂಲ. ಎಣ್ಣೆ ಹೆಚ್ಚಿರುವ ಬಂಗುಡೆ, ಭೂತಾಯಿಯಂಥ ಕಡಲ ಮೀನು ಉತ್ತಮ. ಶಾಕಾಹಾರಿಗಳಿಗೆ ಅಣಬೆ ಇದೆ. ಅದನ್ನು ಹೆಚ್ಚಿ ನಡುಮಧ್ಯಾಹ್ನದ ಬಿಸಿಲಿಗೆ ಸ್ವಲ್ಪ ಹೊತ್ತು ಹರವಿದರೆ ಅದರಲ್ಲೂ ಡಿ ಹುಟ್ಟುತ್ತದೆ.

ತಾಂಬೂಲದ ಸುಣ್ಣವನ್ನು ಕ್ಯಾಲ್ಸಿಯಂ ಲೆಕ್ಕಕ್ಕೆ ಹಿಡಿಯುವವರು ನಮ್ಮಲ್ಲಿದ್ದಾರೆ. ಪೂರ್ವ ಲಂಡನ್ನಿನ ಬಾಂಗ್ಲಾದೇಶೀಯರ ಮೇಲೆ 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಡಿಕೆ ಜಗಿಯುವವರ ಮೈಯಲ್ಲಿ ಡಿಯನ್ನು ಒಡೆಯುವ ಕಿಣ್ವದ ಚಟುವಟಿಕೆ ಹೆಚ್ಚಿದ ಸೂಚನೆ ಕಂಡಿತ್ತು. ಅಡಿಕೆ ಬೆಳೆದು ಬದುಕುವ ನಾವು ಈ ಮಾತನ್ನು ಮುಚ್ಚಿಡಬೇಕಾಗಿಲ್ಲ.

ಮಾತ್ರೆಯ ಲೆಕ್ಕ

60,000ವನ್ನು 600ರಿಂದ ಭಾಗಿಸಿ. ಒಂದು ಮಾತ್ರೆ ಎಂದರೆ 100 ದಿನದ ಅಗತ್ಯ. ಪರೀಕ್ಷೆಯಲ್ಲಿ ಕೊರತೆ ಖಚಿತವಾದವರಿಗೆ ವೈದ್ಯರು ಇದನ್ನು ಸಾಮಾನ್ಯವಾಗಿ ವಾರಕ್ಕೊಂದರಂತೆ ಸುಮಾರು 8 ವಾರ ಕೊಟ್ಟು, ಆಮೇಲೆ ಇಳಿಸುತ್ತಾರೆ. ಅದನ್ನೇ ದಿನಕ್ಕೊಂದರಂತೆ ತಿಂಗಳು ನುಂಗಿದರೆ 18 ಲಕ್ಷ ಯೂನಿಟ್, ಎಂಟು ವರ್ಷ ಮೀರಿದ ಅಗತ್ಯ! ನೀರಿನಲ್ಲಿ ಕರಗುವ ಜೀವಸತ್ವವಾದರೆ ಹೆಚ್ಚಾದದ್ದು ಮೂತ್ರದಲ್ಲಿ ಹೋದೀತು. ಡಿ ಕೊಬ್ಬಿನಲ್ಲಿ ಕರಗುವಂಥದ್ದು. ತಿಂಗಳುಗಟ್ಟಲೆ ಮೈಯಲ್ಲೇ ಕೂಡುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಬಾಯಾರಿಕೆ, ಪದೇ ಪದೇ ಮೂತ್ರ, ವಾಕರಿಕೆ, ಮಲಬದ್ಧತೆ, ನಿಶ್ಶಕ್ತಿ, ಮಂಕು ಕವಿದು, ಕೊನೆಗೆ ಮೂತ್ರಪಿಂಡಕ್ಕೇ ಏಟು ಬೀಳುತ್ತದೆ. ಈ ಸುಸ್ತನ್ನೂ 'ಡಿ ಕಮ್ಮಿ' ಎಂದು ತಿಳಿದು ಮತ್ತಷ್ಟು ನುಂಗಿದರೆ ಅಪಾಯ.

ವರ್ಷಕ್ಕೊಮ್ಮೆ ಭಾರಿ ಪ್ರಮಾಣ ತೆಗೆದುಕೊಂಡರೆ ನಿಶ್ಚಿಂತೆ ಎಂಬ ಮಾತೂ ಉಂಟು. ಆಸ್ಟ್ರೇಲಿಯದಲ್ಲಿ 70 ದಾಟಿದ ಹೆಂಗಸರಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಕೊಟ್ಟು ನೋಡಿದರು. 2010ರಲ್ಲಿ ಹೊರಬಂದ ಫಲಿತಾಂಶದಂತೆ, ಕೊಡದವರಿಗಿಂತ ಕೊಟ್ಟವರಲ್ಲೇ ಬೀಳುವುದು, ಮೂಳೆ ಮುರಿಯುವುದು ಹೆಚ್ಚಾಗಿತ್ತು. ಗೊಬ್ಬರವನ್ನು ಕಂತಿನಲ್ಲಿ ಕೊಡುವ ನಮಗೆ ಇದು ಅರ್ಥವಾಗದ ಸಂಗತಿಯಲ್ಲ.

ಬೆಳೆಗಾರರು ಅನುಸರಿಸಬೇಕಾದ್ದು ಇಷ್ಟು:

1. ವಾರದಲ್ಲಿ ಮೂರು ನಾಲ್ಕು ದಿನ, ನೆರಳು ಗಿಡ್ಡವಿರುವ ಹೊತ್ತಿನಲ್ಲಿ, ತೋಳು ಕಾಲು ತೆರೆದು ಅರ್ಧ ಗಂಟೆಯಾದರೂ ಬಿಸಿಲಿನಲ್ಲಿರಿ. ಅಡಿಕೆ ಹರವಿದ ಕಣದ ಕೆಲಸಕ್ಕೆ ಇದು ಸರಿಯಾದ ಸಮಯ. ಬಿರುಬೇಸಿಗೆಯಲ್ಲಿ ಸ್ವಲ್ಪ ಸ್ವಲ್ಪವಾಗಿ, ನೀರು ಕುಡಿದು.

2. ಬಾಣಂತಿ, ಕೂಸುಗಳನ್ನು ಕತ್ತಲ ಕೋಣೆಯಲ್ಲೇ ಇಡುವ ಮನೆಗಳಲ್ಲಿ ವಿಶೇಷ ಗಮನ ಬೇಕು. ತಾಯಿಹಾಲಿನಲ್ಲಿ ಡಿ ಕಡಿಮೆ. ಮೊದಲ ವರ್ಷ ಕೂಸಿಗೆ ದಿನಕ್ಕೆ 400 ಯೂನಿಟ್ಟಿನ ಹನಿ ಕೊಡಬೇಕೆಂಬುದು ಮಕ್ಕಳ ವೈದ್ಯರ ಸಲಹೆ. ಹನಿಯ ಸೀಸೆಗಳಲ್ಲಿ ಬಲ ಬೇರೆ ಬೇರೆ. ಎಷ್ಟು ಹನಿ ಎಂಬುದನ್ನು ಕೇಳಿಯೇ ಹಾಕಿ.

3. ಬಿಸಿಲಿಗೆ ಬರಲಾರದ ಹಿರಿಯರು ದಿನಕ್ಕೆ 600ರಿಂದ 800 ಯೂನಿಟ್ಟಿನ ಸಣ್ಣ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಲಿ. ಊಟದ ಜೊತೆ ತೆಗೆದುಕೊಂಡರೆ ಚೆನ್ನಾಗಿ ಹತ್ತುತ್ತದೆ. ವೈದ್ಯರು ಹೇಳದೆ ದಿನಕ್ಕೆ 4,000 ಮೀರಬಾರದು.

4. ಮೂತ್ರಪಿಂಡದ ಕಲ್ಲು ಅಥವಾ ಕಾಯಿಲೆ ಇರುವವರು, ರಕ್ತದೊತ್ತಡಕ್ಕೆ ಮೂತ್ರ ಇಳಿಸುವ ಮಾತ್ರೆ ನುಂಗುವವರು, ಮೂರ್ಛೆರೋಗದ ಔಷಧಿಯವರು ತಾವಾಗಿ ಡಿ ತೆಗೆದುಕೊಳ್ಳಬಾರದು.

5. ಲಕ್ಷಣವಿದ್ದರೆ ವೈದ್ಯರಿಗೆ ತೋರಿಸಿ, ಅವರು ಹೇಳಿದರೆ ರಕ್ತಪರೀಕ್ಷೆ ಮಾಡಿಸಿ. ಆರೋಗ್ಯವಂತರೆಲ್ಲರೂ ದುಡ್ಡು ಕೊಟ್ಟು ಪರೀಕ್ಷೆಗೆ ಓಡಬೇಕಾಗಿಲ್ಲ. ಕೊಳವೆಬಾವಿಯ ನೀರನ್ನೇ ಕುಡಿಯುವ ಊರುಗಳಲ್ಲಿ ಹಲವರಿಗೆ ಕೀಲು, ಬೆನ್ನು ಬಿಗಿದಿದ್ದರೆ ನೀರಿನ ಫ್ಲೋರೈಡನ್ನೂ ಪರೀಕ್ಷೆ ಮಾಡಿಸಿ. ಆ ನೋವು ಡಿ ಮಾತ್ರೆಯಿಂದ ಹೋಗದು.

ಮನೆಯಲ್ಲಿ 60,000ದ ಮಾತ್ರೆ ಇದ್ದರೆ ಈ ದಿನವೇ ಚೀಟಿಯನ್ನು ತೆಗೆದು ಮತ್ತೊಮ್ಮೆ ಓದಿ. ಓದು ಬಾರದ ಹಿರಿಯರಿದ್ದರೆ ಮಾತ್ರೆ ನುಂಗುವ ವಾರವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಡಿ.